ಆಲ್ಪ್ಸ್ ಬೆಟ್ಟದ ಹಟ್‌ನಲ್ಲಿ ಒಂದು ರಾತ್ರಿ: ಬುಕಿಂಗ್‌ನಿಂದ ಕೆಳಗಿಳಿದು ಬಸ್ ಹಿಡಿಯುವವರೆಗೆ

ಮ್ಯೂನಿಕ್, ಸ್ಟುಟ್‌ಗಾರ್ಟ್, ವಿಯೆನ್ನಾ ಕಡೆಯ ಕನ್ನಡಿಗರಲ್ಲಿ ಬೇಸಿಗೆ ಬಂತೆಂದರೆ ಒಂದೇ ಬಗೆಯ ಗೋಳು. ಬೆಟ್ಟದ ಮೇಲಿನ ತಂಗುಮನೆಯಾದ ಹಟ್ ತಲುಪಿದಾಗ ಅಡುಗೆಮನೆ ಮುಚ್ಚಿತ್ತು, ಕಾರ್ಡ್ ನಡೆಯಲಿಲ್ಲ, ತಿನ್ನಲು ಮಾಂಸ ಬಿಟ್ಟರೆ ಬೇರೇನೂ ಇರಲಿಲ್ಲ, ರಾತ್ರಿಯೆಲ್ಲ ಚಳಿ. ಕಾರಣವೂ ಹೆಚ್ಚುಕಡಿಮೆ ಒಂದೇ: ಮೊದಲು ಶಿಖರ ಗೊತ್ತುಮಾಡುತ್ತಾರೆ, ಆಮೇಲೆ ರೈಲು ನೋಡುತ್ತಾರೆ, ಕೊನೆಗೆ ಮಲಗುವ ಜಾಗ ಹುಡುಕುತ್ತಾರೆ. ಇದು ತಲೆಕೆಳಗಾದ ಕ್ರಮ. ಮೊದಲು ಹಾಸಿಗೆ, ಆಮೇಲೆ ದಾರಿ, ಆಮೇಲೆ ರೈಲು. ಶಿಖರವೇನಿದ್ದರೂ ಮಾರನೆಯ ಬೆಳಿಗ್ಗೆಗೆ, ಅದೂ ಮೈಯಲ್ಲಿ ಶಕ್ತಿ ಉಳಿದಿದ್ದರೆ.

ಇಲ್ಲಿ ಹೇಳುವುದು ಜರ್ಮನಿ ಮತ್ತು ಆಸ್ಟ್ರಿಯಾದ ಆಲ್ಪೈನ್ ಸಂಘಗಳ (ಬೆಟ್ಟ ಹತ್ತುವವರ ಕ್ಲಬ್‌ಗಳ) ಹಟ್‌ಗಳಿಗೆ ಹೊಂದುವ ಕ್ರಮ. ಸ್ವಿಟ್ಜರ್ಲೆಂಡ್, ಇಟಲಿಯ ದಕ್ಷಿಣ ಟಿರೋಲ್‌ನಲ್ಲೂ ಬಹುಪಾಲು ಹೀಗೆಯೇ. ದರ ಮಾತ್ರ ಸ್ವಿಟ್ಜರ್ಲೆಂಡಿನಲ್ಲಿ ಜಾಸ್ತಿ.

## ಹಂತ 1: ಹಟ್ ಆರಿಸುವುದು

ಜರ್ಮನ್ ಆಲ್ಪೈನ್ ಸಂಘ ಒಂದರದ್ದೇ 320ಕ್ಕೂ ಹೆಚ್ಚು ಹಟ್‌ಗಳಿವೆ. ಫೋಟೊ ನೋಡಿ ಆರಿಸಬೇಡಿ. ಮೂರು ಸಂಗತಿ ನೋಡಿ: ತಳದಿಂದ ಹಟ್‌ವರೆಗೆ ಎಷ್ಟು ಮೀಟರ್ ಏರು, ದಾರಿಯ ಬಣ್ಣ ಯಾವುದು, ಹಟ್‌ನಲ್ಲಿ ನಡೆಸುವವರು ಇರುತ್ತಾರೋ ಇಲ್ಲವೋ.

ಏರು: ಮೊದಲ ಸಲಕ್ಕೆ 700ರಿಂದ 900 ಮೀಟರ್ ಸಾಕು. ನಂದಿಬೆಟ್ಟದ ಮೆಟ್ಟಿಲು ಹತ್ತಿದ್ದೇವೆ ಎಂಬ ಧೈರ್ಯ ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬಾರದು. ಬೆನ್ನ ಮೇಲೆ ಏಳೆಂಟು ಕಿಲೊ ಹೊತ್ತು ಸತತ ನಾಲ್ಕು ಗಂಟೆ ಏರುವುದು ಬೇರೆಯೇ ಕೆಲಸ.

ದಾರಿಯ ಬಣ್ಣ: ಜರ್ಮನಿ, ಆಸ್ಟ್ರಿಯಾಗಳಲ್ಲಿ ಬೆಟ್ಟದ ದಾರಿಗಳಿಗೆ ನೀಲಿ, ಕೆಂಪು, ಕಪ್ಪು ಎಂದು ಗುರುತು. ನೀಲಿ ಸುಲಭ. ಕೆಂಪು ಕಿರಿದು, ಅಲ್ಲಲ್ಲಿ ಕಡಿದು, ಕೆಲವೆಡೆ ಕೈಹಿಡಿಗೆ ಕಬ್ಬಿಣದ ಹಗ್ಗ ಇರಬಹುದು. ಕಪ್ಪು ದಾರಿಯಲ್ಲಿ ಕಾಲು ಜಾರಿದರೆ ಬೀಳುವುದು ಪ್ರಪಾತಕ್ಕೆ. ಮೊದಲ ಸಲ ನೀಲಿ, ಹೆಚ್ಚೆಂದರೆ ಸುಲಭದ ಕೆಂಪು. ಸ್ವಿಟ್ಜರ್ಲೆಂಡಿನ ಗುರುತು ಬೇರೆ: ಹಳದಿ ಸುಲಭ, ಬಿಳಿ-ಕೆಂಪು-ಬಿಳಿ ಬೆಟ್ಟದ ದಾರಿ, ಬಿಳಿ-ನೀಲಿ-ಬಿಳಿ ಅನುಭವಿಗಳಿಗೆ. ಆಸ್ಟ್ರಿಯಾದ ನೀಲಿಗೂ ಸ್ವಿಸ್ ನೀಲಿಗೂ ಅಜಗಜಾಂತರ. ಗಡಿ ದಾಟಿ ಹೋಗುವವರು ಇದನ್ನು ಮರೆಯಬಾರದು.

ಮ್ಯೂನಿಕ್‌ನಿಂದ ಹೊರಡುವವರಿಗೆ ಮೊದಲ ಸಲಕ್ಕೆ ಹೊಂದುವುದು ಬೆನೆಡಿಕ್ಟೆನ್‌ವಾಂಡ್ ಬೆಟ್ಟದ ಬುಡದ ಟುಟ್ಸಿಂಗರ್ ಹ್ಯುಟ್ಟೆ ಎಂಬ ಹಟ್, ಎತ್ತರ 1,327 ಮೀಟರ್. ಬೆನೆಡಿಕ್ಟ್‌ಬೊಯೆರ್ನ್ ರೈಲು ನಿಲ್ದಾಣದಿಂದಲೇ ನಡೆದು ಹೋಗಬಹುದು, ಕಾರು ಬೇಕಿಲ್ಲ. ಗಾರ್ಮಿಶ್ ಕಡೆಯ ರೈನ್‌ಟಾಲ್ ಕಣಿವೆಯ ಹಟ್‌ಗೆ ದಾರಿ ಉದ್ದ, ಏರು ನಿಧಾನ. ವಾಟ್ಸ್‌ಮಾನ್‌ಹೌಸ್ ಎಂಬ ಹಟ್ ಎಂದರೆ ಎಲ್ಲರಿಗೂ ಆಸೆ. ಅದು ಇರುವುದು 1,930 ಮೀಟರ್‌ನಲ್ಲಿ, ಕಣಿವೆಯಿಂದ ಏರಬೇಕಾದ್ದು ಸುಮಾರು 1,300 ಮೀಟರ್. ಅದನ್ನು ಎರಡನೆಯ ವರ್ಷಕ್ಕಿಡಿ.

ನಡೆಸುವವರು: ಕೆಲವು ಹಟ್‌ಗಳಲ್ಲಿ ಯಾರೂ ಇರುವುದಿಲ್ಲ, ಅಡುಗೆ, ಸೌದೆ ಎಲ್ಲ ನಿಮ್ಮದೇ, ಬಾಗಿಲಿಗೆ ಸಂಘದ ಬೀಗ. ಹಟ್‌ನ ಪುಟದಲ್ಲಿ ‘ಜೆಲ್ಬ್ಸ್ಟ್‌ಫೆರ್‌ಜೋರ್ಗರ್’ ಎಂಬ ಪದ ಕಂಡರೆ ಅದು ಈ ಜಾತಿಯದ್ದು, ಮುಂದಿನದು ನೋಡಿ. ಊಟ ಹಾಕುವ ಹಟ್‌ಗಳು ಸಾಮಾನ್ಯವಾಗಿ ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಮೊದಲ ವಾರಗಳವರೆಗೆ ತೆರೆದಿರುತ್ತವೆ. ಜೂನ್‌ನಲ್ಲಿ ಹಟ್ ತೆರೆದಿದ್ದರೂ ಉತ್ತರದ ಇಳುಕಲುಗಳಲ್ಲಿ ಗಟ್ಟಿ ಹಿಮ ಉಳಿದಿರುತ್ತದೆ. ಮೊದಲ ಸಲಕ್ಕೆ ಜುಲೈ ನಡುಭಾಗದಿಂದ ಸೆಪ್ಟೆಂಬರ್ ನಡುಭಾಗ ಒಳ್ಳೆಯದು.

## ಹಂತ 2: ಹಾಸಿಗೆ ಕಾಯ್ದಿರಿಸುವುದು

ಸಂಘಗಳು ಸೇರಿ ನಡೆಸುವ ಆನ್‌ಲೈನ್ ವ್ಯವಸ್ಥೆಯಲ್ಲಿ ಬಹಳಷ್ಟು ಹಟ್‌ಗಳಿವೆ. ಉಳಿದವಕ್ಕೆ ಫೋನ್ ಅಥವಾ ಮೇಲ್. ಶನಿವಾರದ ರಾತ್ರಿಗಳು ತಿಂಗಳುಗಟ್ಟಲೆ ಮೊದಲೇ ತುಂಬುತ್ತವೆ. ಭಾನುವಾರದಿಂದ ಗುರುವಾರದ ನಡುವಿನ ರಾತ್ರಿ ಸಿಗುವುದು ಎಷ್ಟೋ ಸುಲಭ, ಗದ್ದಲವೂ ಕಡಿಮೆ. ಒಂದು ದಿನ ರಜೆ ಹಾಕಿ ಹೋಗುವುದೇ ಜಾಣತನ.

ಕಾಯ್ದಿರಿಸುವಾಗ ನಾಲ್ಕು ವಿಷಯ ತೀರ್ಮಾನಿಸಬೇಕು.

ಒಂದು, ಮಲಗುವ ಬಗೆ. ‘ಲಾಗರ್’ ಎಂದರೆ ದೊಡ್ಡ ಕೋಣೆಯಲ್ಲಿ ಸಾಲು ಹಾಸಿಗೆ. ಪಕ್ಕದವರ ಮೊಣಕೈ ತಾಗುವಷ್ಟು ಹತ್ತಿರ, ಗಂಡಸರು ಹೆಂಗಸರು ಎಂದು ಬೇರೆ ಕೋಣೆ ಇರುವುದಿಲ್ಲ. ಇದು ಇಷ್ಟವಿಲ್ಲದವರು, ಮಕ್ಕಳಿರುವವರು ನಾಲ್ಕು ಅಥವಾ ಆರು ಮಂದಿಯ ಕೋಣೆ ಇದೆಯೇ ನೋಡಲಿ. ಅದು ಮೊದಲು ಖಾಲಿಯಾಗುತ್ತದೆ.

ಎರಡು, ಊಟ. ‘ಹಾಲ್ಬ್‌ಪೆನ್ಜಿಯೋನ್’ ತೆಗೆದುಕೊಂಡರೆ ರಾತ್ರಿ ಊಟ, ಬೆಳಗಿನ ತಿಂಡಿ ಸೇರಿರುತ್ತದೆ. ಸಸ್ಯಾಹಾರ ಬೇಕೆಂದು ಬುಕಿಂಗ್‌ನಲ್ಲೇ ಬರೆಯಿರಿ, ಹಿಂದಿನ ದಿನ ಫೋನ್ ಮಾಡಿದಾಗ ಮತ್ತೆ ಹೇಳಿ. ಮೇಲೆ ಹೋಗಿ ಹೇಳುತ್ತೇವೆ ಅಂದುಕೊಂಡರೆ ಕೆಟ್ಟಿತು: ಸಾಮಾನು ಹೆಲಿಕಾಪ್ಟರ್‌ನಲ್ಲೋ ಸರಕಿನ ಹಗ್ಗಗಾಡಿಯಲ್ಲೋ ಮೇಲೇರುವ ಜಾಗ ಅದು, ಲೆಕ್ಕ ಹಾಕಿ ಅಡುಗೆ ಮಾಡಿರುತ್ತಾರೆ.

ಮೂರು, ರದ್ದತಿ. ಎಷ್ಟು ದಿನ ಮೊದಲು ತಿಳಿಸಿದರೆ ಹಣ ಹಿಡಿಯುವುದಿಲ್ಲ ಎಂಬುದು ಹಟ್‌ನಿಂದ ಹಟ್‌ಗೆ ಬೇರೆ. ಆ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಮಳೆ ಎಂದು ಹೋಗದೆ, ತಿಳಿಸದೆ ಸುಮ್ಮನಿರುವುದು ದೊಡ್ಡ ತಪ್ಪು. ದಂಡ ಬಿಡಿ, ಬರಬೇಕಾದವರು ಬರಲಿಲ್ಲವೆಂದು ಅವರು ರಕ್ಷಣಾ ದಳಕ್ಕೆ ಕರೆ ಮಾಡಬಹುದು.

ನಾಲ್ಕು, ಸದಸ್ಯತ್ವ. ಆಲ್ಪೈನ್ ಸಂಘದ ಸದಸ್ಯರಿಗೆ ಮಲಗುವ ದರದಲ್ಲಿ ಒಳ್ಳೆಯ ರಿಯಾಯಿತಿಯಿದೆ. ಆದರೆ ಸದಸ್ಯರಾಗಲು ನಿಜವಾದ ಕಾರಣ ವಿಮೆ. ಜರ್ಮನ್ ಸಂಘದ ಸದಸ್ಯತ್ವದಲ್ಲಿ ಬೆಟ್ಟದಿಂದ ರಕ್ಷಿಸಿ ತರುವ ಖರ್ಚಿಗೆ 25,000 ಯೂರೊವರೆಗಿನ ವಿಮೆ ಸೇರಿದೆ. ಕಾಲು ಮುರಿದು ಹೆಲಿಕಾಪ್ಟರ್ ಬಂದರೆ ಬಿಲ್ ಸಾವಿರಾರು ಯೂರೊ ಆಗುತ್ತದೆ; ಮಾಮೂಲಿ ಆರೋಗ್ಯ ವಿಮೆ ಅದನ್ನು ಪೂರ್ತಿ ಕೊಡುತ್ತದೆಂದು ನಂಬಿ ಕೂರಬೇಡಿ. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯುವಿರಾದರೆ ಅವರ ಪ್ರಯಾಣ ವಿಮೆಯಲ್ಲಿ ಬೆಟ್ಟದ ರಕ್ಷಣೆ ಇದೆಯೇ ಎಂದು ಓದಿ ನೋಡಿ. ಇಲ್ಲದಿರುವುದೇ ಹೆಚ್ಚು.

## ಹಂತ 3: ಸಮಯದ ಲೆಕ್ಕ, ಹಿಂದಿನಿಂದ ಮುಂದಕ್ಕೆ

ಬಹಳ ಮಂದಿ ಎಡವುವುದು ಇಲ್ಲೇ. ಗೂಗಲ್ ಮ್ಯಾಪ್ಸ್ ತೋರಿಸುವ ನಡಿಗೆಯ ಸಮಯ ನಂಬಿ ಮಧ್ಯಾಹ್ನ 1ಕ್ಕೆ ಹತ್ತಲು ಶುರುಮಾಡುತ್ತಾರೆ.

ಲೆಕ್ಕ ಹೀಗೆ. ಸಮತಟ್ಟಿನಲ್ಲಿ ಗಂಟೆಗೆ 4 ಕಿಲೊಮೀಟರ್. ಏರಿನಲ್ಲಿ ಗಂಟೆಗೆ 300 ಮೀಟರ್ ಎತ್ತರ, ಇಳಿಜಾರಿನಲ್ಲಿ 500. ದೂರಕ್ಕೊಂದು, ಎತ್ತರಕ್ಕೊಂದು ಸಮಯ ತೆಗೆಯಿರಿ. ದೊಡ್ಡದನ್ನು ಪೂರ್ತಿ ಇಟ್ಟುಕೊಂಡು ಅದಕ್ಕೆ ಚಿಕ್ಕದರ ಅರ್ಧ ಸೇರಿಸಿ.

ಉದಾಹರಣೆಗೆ 8 ಕಿಲೊಮೀಟರ್ ದೂರ, 900 ಮೀಟರ್ ಏರು ಇದೆಯೆನ್ನಿ. ದೂರಕ್ಕೆ 2 ಗಂಟೆ, ಏರಿಗೆ 3 ಗಂಟೆ. 3ಕ್ಕೆ 2ರ ಅರ್ಧ ಸೇರಿಸಿದರೆ 4 ಗಂಟೆ. ಇದರಲ್ಲಿ ವಿರಾಮ ಸೇರಿಲ್ಲ. ಅದಕ್ಕೆ 1 ಗಂಟೆ. ಹೊಸಬರು ಗುಂಪಿನಲ್ಲಿದ್ದರೆ ಇನ್ನೂ 1 ಗಂಟೆ. ಒಟ್ಟು 6. ದಾರಿಯ ಹಳದಿ ಫಲಕಗಳಲ್ಲಿರುವ ಗಂಟೆಯೂ ನಿಲ್ಲದೆ ನಡೆಯುವವರ ಲೆಕ್ಕವೇ.

ಈಗ ಹಿಂದಕ್ಕೆ ಎಣಿಸಿ. ರಾತ್ರಿ ಊಟ ಬಹುತೇಕ ಕಡೆ 6ರಿಂದ 7ರ ನಡುವೆ. ಬೇಸಿಗೆಯ ಗುಡುಗುಮಳೆ ಹೆಚ್ಚಾಗಿ ಬರುವುದು ಮಧ್ಯಾಹ್ನದ ಮೇಲೆ. ಹಾಗಾಗಿ ಹಟ್ ಬಾಗಿಲಲ್ಲಿ 4 ಗಂಟೆಗೆ ಇರಬೇಕು. ಅಂದರೆ ನಡಿಗೆ ಶುರು ಬೆಳಿಗ್ಗೆ 10ಕ್ಕೆ. ರೈಲು ತಡವಾಗುವುದು ಜರ್ಮನಿಯಲ್ಲಿ ಸುದ್ದಿಯೇ ಅಲ್ಲ, ಆದ್ದರಿಂದ 9ಕ್ಕೆ ತಳ ತಲುಪುವ ರೈಲು ಹಿಡಿಯಿರಿ. ಡಾಯ್ಚ್‌ಲಾಂಡ್ ಟಿಕೆಟ್ (ಜರ್ಮನಿಯ ಸ್ಥಳೀಯ, ಪ್ರಾದೇಶಿಕ ಸಾರಿಗೆಯ ತಿಂಗಳ ಪಾಸು) ಇದ್ದವರು ಪ್ರಾದೇಶಿಕ ರೈಲುಗಳಲ್ಲಿ ಆಸ್ಟ್ರಿಯಾದ ಜಾಲ್ಸ್‌ಬುರ್ಗ್, ಕುಫ್‌ಸ್ಟೈನ್‌ವರೆಗೂ ಹೋಗಬಹುದು. ಗಡಿ ದಾಟುವುದಾದರೆ ಪಾಸ್‌ಪೋರ್ಟ್, ವಾಸದ ಪರವಾನಗಿ ಕಾರ್ಡ್ ಎರಡೂ ಜೊತೆಗಿರಲಿ, ಫೋಟೊ ಪ್ರತಿ ಸಾಲದು.

ಮರುದಿನದ ಕೊನೆಯ ಬಸ್ಸಿನ ಸಮಯವನ್ನೂ ಇದೇ ಹೊತ್ತಿಗೆ ನೋಡಿ ಬರೆದಿಟ್ಟುಕೊಳ್ಳಿ. ಕಣಿವೆಗಳಲ್ಲಿ ಸಂಜೆ 6ರ ಮೇಲೆ ಬಸ್ ಇಲ್ಲದಿರುವುದು ಸಾಮಾನ್ಯ, ಭಾನುವಾರವಂತೂ ಇನ್ನೂ ಕಡಿಮೆ.

## ಹಂತ 4: ಚೀಲ ಕಟ್ಟುವುದು

30ರಿಂದ 35 ಲೀಟರ್ ಚೀಲ, ನೀರೂ ಸೇರಿ 8 ಕಿಲೊ ಮೀರಬಾರದು. ಕಟ್ಟಿದ ಮೇಲೆ ಮನೆಯ ತೂಕದ ಯಂತ್ರದಲ್ಲಿಟ್ಟು ನೋಡಿ. ಮೀರಿದ್ದರೆ ತೆಗೆಯಬೇಕಾದ್ದು ಬಟ್ಟೆ.

- ಹಟ್‌ಗೆ ಒಯ್ಯುವ ಹಾಸಿಗೆ ಚೀಲ: ಕಡ್ಡಾಯ. ದಪ್ಪ ಸ್ಲೀಪಿಂಗ್ ಬ್ಯಾಗ್ ಅಲ್ಲ, ತೆಳು ಬಟ್ಟೆಯ ಒಳಚೀಲ. ರೇಷ್ಮೆಯದಾದರೆ 150 ಗ್ರಾಂ ಆಸುಪಾಸು, ಹತ್ತಿಯದು ಅದರ ಎರಡು ಪಟ್ಟಿಗಿಂತ ಹೆಚ್ಚು. ಕಂಬಳಿ, ದಿಂಬು ಸಾಮಾನ್ಯವಾಗಿ ಹಟ್‌ನವರದ್ದೇ. ಕೆಲವು ಹಟ್‌ಗಳಲ್ಲಿ ಕಂಬಳಿ ಕೊಡುವುದಿಲ್ಲ, ಬುಕಿಂಗ್ ಪುಟ ಓದಿ.
- ಪಾದದ ಗಂಟು ಮುಚ್ಚುವ ಬೂಟು: ಅಡಿ ಗಡುಸಾಗಿ ಹಲ್ಲು ಹಲ್ಲಾಗಿರಬೇಕು. ಹೊಸ ಬೂಟನ್ನು ಒಂದೆರಡು ವಾರ ಊರಲ್ಲೇ ಹಾಕಿ ಓಡಾಡಿ, ಇಲ್ಲದಿದ್ದರೆ ಎರಡನೆಯ ಗಂಟೆಗೇ ಹಿಮ್ಮಡಿಯಲ್ಲಿ ಬೊಬ್ಬೆ. ಹಳೆಯ ಬೂಟೂ ಅಪಾಯವೇ: ಕಪಾಟಿನಲ್ಲಿ ವರ್ಷಗಟ್ಟಲೆ ಇದ್ದರೆ ಅಡಿ ದಾರಿಯಲ್ಲೇ ಕಿತ್ತು ಬರಬಹುದು. ಹೊರಡುವ ಮುನ್ನ ಕೈಯಿಂದ ಬಗ್ಗಿಸಿ ನೋಡಿ.
- ಮಳೆ ಅಂಗಿ, ಉಣ್ಣೆ ಅಥವಾ ಫ್ಲೀಸ್, ತೆಳು ಟೊಪ್ಪಿಗೆ, ಕೈಗವಸು: ಆಗಸ್ಟ್‌ನಲ್ಲೂ ಬೇಕು. ಪ್ರತಿ 1,000 ಮೀಟರ್ ಏರಿಗೆ ಸುಮಾರು 6.5 ಡಿಗ್ರಿ ತಾಪ ಇಳಿಯುತ್ತದೆ. 600 ಮೀಟರ್ ಎತ್ತರದ ಕಣಿವೆಯಲ್ಲಿ 22 ಇದ್ದರೆ 2,000 ಮೀಟರಿನ ಹಟ್‌ನಲ್ಲಿ 13ರ ಆಸುಪಾಸು, ಗಾಳಿ ಬೀಸಿದರೆ ಇನ್ನೂ ತಣ್ಣಗೆ.
- ಒಂದು ಜೊತೆ ಒಣ ಬಟ್ಟೆ: ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಲಗುವಾಗಷ್ಟೇ ಹಾಕಿ. ಜೀನ್ಸ್ ಬೇಡ, ನೆನೆದರೆ ಮಾರನೆಯ ದಿನವೂ ಒಣಗದು.
- ತಲೆಗೆ ಕಟ್ಟುವ ಟಾರ್ಚ್, 10,000 ಎಂಎಎಚ್ ಪವರ್‌ಬ್ಯಾಂಕ್, ಇಯರ್‌ಪ್ಲಗ್: ಹಟ್‌ನಲ್ಲಿ ಇಪ್ಪತ್ತು ಮಂದಿಗೆ ಒಂದೋ ಎರಡೋ ಪ್ಲಗ್. ಗೊರಕೆಗೆ ಲೆಕ್ಕವಿಲ್ಲ.
- ನಗದು: ತಲೆಗೆ 100 ಯೂರೊ, ಚಿಕ್ಕ ನೋಟುಗಳಲ್ಲಿ. ಕಾರ್ಡ್ ಯಂತ್ರವಿದ್ದರೂ ಕೆಲವು ದಿನ ಸಿಗ್ನಲ್ ಇರುವುದಿಲ್ಲ. ಬಿಸಿನೀರಿನ ಸ್ನಾನವಿದ್ದರೆ ಅದಕ್ಕೆ ನಾಣ್ಯ ಬೇಕು, ಸಿಗುವುದೂ ನಾಲ್ಕೈದು ನಿಮಿಷ.
- ನೀರು 2 ಲೀಟರ್, ಬೊಬ್ಬೆಗೆ ಪ್ಲಾಸ್ಟರ್, ಅಭ್ಯಾಸದ ಔಷಧಿ, ಕಸಕ್ಕೊಂದು ಚೀಲ: ಮೇಲೆ ಒಯ್ದ ಪೊಟ್ಟಣವೆಲ್ಲ ನಿಮ್ಮೊಂದಿಗೇ ಇಳಿಯಬೇಕು, ಹಟ್‌ನಲ್ಲಿ ಕಸದ ಬುಟ್ಟಿ ಹುಡುಕಬೇಡಿ.

ತಿಂಡಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ದಾರಿಗೆ ಚಪಾತಿ, ಶೇಂಗಾ ಚಿಕ್ಕಿ, ಖರ್ಜೂರ ಚೆನ್ನಾಗಿ ನಡೆಯುತ್ತದೆ. ಮೊಸರನ್ನ ಬೇಡ, ಬಿಸಿಲಲ್ಲಿ ಹುಳಿಯುತ್ತದೆ, ಡಬ್ಬಿ ಸೋರಿದರೆ ಚೀಲವೆಲ್ಲ ಹಾಳು. ಹಟ್‌ನೊಳಗೆ ಗ್ಯಾಸ್ ಒಲೆ ಹಚ್ಚುವಂತಿಲ್ಲ, ಊಟದ ಕೋಣೆಯಲ್ಲಿ ನಿಮ್ಮ ಬುತ್ತಿ ಬಿಚ್ಚುವ ಮೊದಲು ಕೇಳಬೇಕು. ಚಹಾಕ್ಕೆಂದು ಕುದಿವ ನೀರನ್ನು ಲೀಟರ್ ಲೆಕ್ಕದಲ್ಲಿ ಮಾರುತ್ತಾರೆ. ಕೇಳಿ ಒಪ್ಪಿದರೆ ಅದರಲ್ಲಿ ಒಗ್ಗರಣೆ ಹಾಕಿ ತಂದ ಅವಲಕ್ಕಿ ನೆನೆಸಿಕೊಳ್ಳಬಹುದು. ಐವತ್ತು ಗ್ರಾಂ ಚಟ್ನಿಪುಡಿ ಇದ್ದರೆ ಹಟ್‌ನ ಸಪ್ಪೆ ಆಲೂಗಡ್ಡೆಯೂ ಗಂಟಲಲ್ಲಿಳಿಯುತ್ತದೆ.

ಮೆನುವಿನಲ್ಲಿ ಕೆಲವು ಬಲೆಗಳಿವೆ. ತರಕಾರಿಯದೆಂದು ಕಾಣುವ ಸೂಪ್ ಬಹಳ ಕಡೆ ದನದ ಮೂಳೆಯ ಸಾರಿನಲ್ಲಿ ಮಾಡಿದ್ದು. ‘ಸ್ಪೆಕ್‌ಕ್ನ್ಯೋಡೆಲ್’ ಉಂಡೆಯಲ್ಲಿ ಹಂದಿಮಾಂಸ. ‘ಕೇಜೆಸ್ಪೆಟ್ಸ್‌ಲೆ’ (ಚೀಸ್ ಹಾಕಿದ ನೂಡಲ್ಸ್), ‘ಕೈಸರ್‌ಶ್ಮಾರ್ನ್’ (ಚೂರು ಮಾಡಿದ ಸಿಹಿ ದೋಸೆ) ಎರಡರಲ್ಲೂ ಮೊಟ್ಟೆ ಇದೆ. ‘ಫೆಗೆಟಾರಿಶ್’ (ಸಸ್ಯಾಹಾರ) ಎಂದರೆ ಅವರ ಲೆಕ್ಕದಲ್ಲಿ ಮೊಟ್ಟೆ ಸೇರಿದ್ದು. ಮೊಟ್ಟೆ ತಿನ್ನದವರು ‘ಓನೆ ಫ್ಲೈಶ್, ಓನೆ ಫಿಶ್, ಓನೆ ಐ’ (ಮಾಂಸ, ಮೀನು, ಮೊಟ್ಟೆ ಇಲ್ಲದ್ದು) ಎಂದು ಬಿಡಿಸಿ ಹೇಳಬೇಕು. ಚೀಸ್‌ನಲ್ಲಿ ಹಾಲು ಗಟ್ಟಿಯಾಗಿಸುವ, ಕರುವಿನ ಹೊಟ್ಟೆಯ ರೆನೆಟ್ ಇರುತ್ತದೆಂದು ಬಿಡುವವರು ರಾತ್ರಿಗೆ ಪೂರ್ತಿ ತಮ್ಮ ಬುತ್ತಿಯನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದು.

## ಹಂತ 5: ಹಿಂದಿನ ದಿನದ ಫೋನ್

ಹಿಂದಿನ ದಿನ ಮಧ್ಯಾಹ್ನ 2ರಿಂದ 4ರೊಳಗೆ ಹಟ್‌ಗೆ ಫೋನ್ ಮಾಡಿ. ಸಂಜೆ ಮಾಡಬೇಡಿ, ಅಡುಗೆಯ ಗಡಿಬಿಡಿಯಲ್ಲಿರುತ್ತಾರೆ. ದಾರಿಯಲ್ಲಿ ಹಿಮವಿದೆಯೇ, ಸೇತುವೆ ಅಥವಾ ಕಬ್ಬಿಣದ ಹಗ್ಗ ಕಿತ್ತುಹೋಗಿದೆಯೇ, ಕುಡಿಯುವ ನೀರು ಸಿಗುತ್ತದೆಯೇ ಎಂದು ಕೇಳಿ. ಆ್ಯಪ್‌ಗಿಂತ ಅವರ ಮಾತು ನಂಬಿ; ಆ ದಾರಿಯಲ್ಲಿ ಬೆಳಿಗ್ಗೆ ಇಳಿದುಹೋದವರೊಂದಿಗೆ ಅವರು ಮಾತಾಡಿರುತ್ತಾರೆ.

ಹವಾಮಾನಕ್ಕೆ ಫೋನಿನ ಮಾಮೂಲಿ ಆ್ಯಪ್ ಸಾಲದು, ಅದು ಹೇಳುವುದು ಕಣಿವೆಯ ಊರಿನ ಕಥೆ. ಆಲ್ಪೈನ್ ಸಂಘಗಳ ಬೆಟ್ಟದ ಹವಾಮಾನ ಪುಟ ನೋಡಿ. ‘ಗೆವಿಟರ್’ (ಗುಡುಗುಮಳೆ) ಎಂಬ ಪದ ಮಧ್ಯಾಹ್ನಕ್ಕೆ ಮೊದಲೇ ಕಂಡರೆ ಹೋಗಬೇಡಿ, ರದ್ದು ಮಾಡಿ. ಸಂಜೆಗೆ ಎಂದಿದ್ದರೆ ಎರಡು ಗಂಟೆ ಮೊದಲು ಹೊರಡಿ.

ದಾರಿಯ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡು, ಫ್ಲೈಟ್ ಮೋಡ್‌ನಲ್ಲಿ ತೆರೆಯುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸಿ. 1:25,000 ಅಳತೆಯ ಕಾಗದದ ನಕ್ಷೆ ಇದ್ದರೆ ಬ್ಯಾಟರಿಯ ಚಿಂತೆಯಿಲ್ಲ. ಎಲ್ಲಿಗೆ, ಯಾವ ದಾರಿ, ಎಂದು ವಾಪಸ್ ಎಂಬ ಮೂರನ್ನು ಊರಲ್ಲಿ ಉಳಿಯುವ ಒಬ್ಬರಿಗೆ ಕಳಿಸಿ.

## ಹಂತ 6: ಹತ್ತುವಾಗ

ಮಾತಾಡುತ್ತಾ ಹತ್ತಲು ಆಗುವಷ್ಟೇ ವೇಗ. ಉಸಿರು ಕಟ್ಟಿ ಮಾತು ನಿಂತರೆ ನಿಧಾನಿಸಿ. ಮುಂದೆ ನಡೆಯಬೇಕಾದವರು ಗುಂಪಿನಲ್ಲಿ ನಿಧಾನದವರು, ಹಿಂದೆ ಅಲ್ಲ. ಈ ಒಂದು ನಿಯಮ ಪಾಲಿಸಿದರೆ ಅರ್ಧ ಜಗಳ ತಪ್ಪುತ್ತದೆ.

ಹುಲ್ಲುಗಾವಲಿನಲ್ಲಿ ಹಸುಗಳು ಎದುರಾಗುತ್ತವೆ. ಊರಿನ ಅಭ್ಯಾಸಬಲದಿಂದ ಹತ್ತಿರ ಹೋಗಿ ಗಂಗೆದೊಗಲು ಸವರಬೇಡಿ, ಕರುವಿನ ಜೊತೆ ಸೆಲ್ಫಿಯಂತೂ ಬೇಡವೇ ಬೇಡ. ಬೇಸಿಗೆಯೆಲ್ಲ ಬಯಲಲ್ಲಿರುವ ಕರುವಿನ ತಾಯಂದಿರು ಹಾಯುತ್ತವೆ, ಜನ ಸತ್ತಿದ್ದೂ ಇದೆ. ದೂರದಿಂದ ಬಳಸಿ ಹೋಗಿ, ದಾಟಿದ ಬೇಲಿಯ ಗೇಟು ಮುಚ್ಚಿ.

ಹಿಂತಿರುಗಬೇಕಾದ ಸೂಚನೆಗಳು ಇವು:

- ಮಧ್ಯಾಹ್ನ 1 ಗಂಟೆಗೆ ಅರ್ಧ ಎತ್ತರವೂ ಆಗಿಲ್ಲ.
- ಬೆಳಿಗ್ಗೆ 11ಕ್ಕೇ ಹೂಕೋಸಿನಂಥ ಮೋಡ ಮೇಲಕ್ಕೆ ಬೆಳೆಯುತ್ತಿದೆ.
- ಕಾಲು ಗಂಟೆಯಿಂದ ಬಂಡೆಗಳ ಮೇಲೆ ಬಣ್ಣದ ಗುರುತು ಕಂಡಿಲ್ಲ. ಮುಂದಕ್ಕೆ ಹೋಗಿ ಹುಡುಕಬೇಡಿ, ಕೊನೆಯ ಗುರುತಿನವರೆಗೆ ವಾಪಸ್ ಬನ್ನಿ.
- ಹರಟೆ ಹೊಡೆಯುತ್ತಿದ್ದವರು ಸುಮ್ಮನಾಗಿದ್ದಾರೆ, ಎಡವುತ್ತಿದ್ದಾರೆ, ನಡುಗುತ್ತಿದ್ದಾರೆ.
- ಕಡಿದಾದ ಇಳುಕಲಿನಲ್ಲಿ ದಾರಿಗೆ ಅಡ್ಡವಾಗಿ ಗಟ್ಟಿ ಹಿಮ. ಐದೇ ಮೀಟರ್ ಇದ್ದರೂ ಬೂಟಿನಲ್ಲಿ ದಾಟುವ ಸಾಹಸ ಬೇಡ.

ಗುಡುಗು ಕೇಳಿದರೆ ಏಣು, ಒಂಟಿ ಮರ, ಕಬ್ಬಿಣದ ಹಗ್ಗ ಇವುಗಳಿಂದ ದೂರ ಇಳಿಯಿರಿ.

ತುರ್ತಿಗೆ ಎಲ್ಲೆಡೆ 112. ಆಸ್ಟ್ರಿಯಾದಲ್ಲಿ ಬೆಟ್ಟದ ರಕ್ಷಣೆಗೆ 140, ಸ್ವಿಟ್ಜರ್ಲೆಂಡಿನಲ್ಲಿ ಹೆಲಿಕಾಪ್ಟರ್‌ಗೆ 1414. ಸಿಗ್ನಲ್ ಇಲ್ಲದಿದ್ದರೆ ಸೀಟಿ ಅಥವಾ ಟಾರ್ಚ್‌ನಿಂದ ನಿಮಿಷಕ್ಕೆ ಆರು ಸಲ ಸಂಜ್ಞೆ, ಒಂದು ನಿಮಿಷ ಬಿಡುವು, ಮತ್ತೆ ಆರು. ನಿಮಿಷಕ್ಕೆ ಮೂರು ಸಲ ಉತ್ತರ ಬಂದರೆ ನಿಮ್ಮನ್ನು ಗಮನಿಸಿದ್ದಾರೆ ಎಂದರ್ಥ.

ತಡವಾಗುವುದು ಖಚಿತವಾದ ಕೂಡಲೇ ಹಟ್‌ಗೆ ಫೋನ್ ಮಾಡಿ.

## ಹಂತ 7: ಹಟ್‌ನಲ್ಲಿ ಸಂಜೆ ಮತ್ತು ರಾತ್ರಿ

ಬಾಗಿಲಲ್ಲೇ ಬೂಟು ಬಿಚ್ಚಿ ಬೂಟಿನ ಕೋಣೆಯಲ್ಲಿಡಿ. ಎಲ್ಲ ಬೂಟೂ ಒಂದೇ ತರಹ ಕಾಣುತ್ತವೆ, ಲೇಸಿಗೆ ಬಣ್ಣದ ದಾರ ಕಟ್ಟಿ. ಆಮೇಲೆ ನೇರ ಕೌಂಟರ್‌ಗೆ. ಬುಕಿಂಗ್ ಹೆಸರು ಹೇಳಿ, ಸದಸ್ಯತ್ವದ ಕಾರ್ಡ್ ತೋರಿಸಿ, ಸಸ್ಯಾಹಾರ ಎಂದು ಇನ್ನೊಮ್ಮೆ ನೆನಪಿಸಿ, ಬೆಳಗಿನ ತಿಂಡಿ ಎಷ್ಟು ಗಂಟೆಗೆ ಎಂದು ಕೇಳಿ. ಕೌಂಟರ್ ಬಳಿಯ ಹಟ್ ಪುಸ್ತಕದಲ್ಲಿ ಹೆಸರು, ಎಲ್ಲಿಂದ ಬಂದಿರಿ, ನಾಳೆ ಎಲ್ಲಿಗೆ ಎಂದು ಬರೆಯಿರಿ. ಯಾರಾದರೂ ಕಾಣೆಯಾದರೆ ಹುಡುಕುವವರು ಮೊದಲು ತೆರೆಯುವುದು ಅದನ್ನೇ.

ತಿಗಣೆಯ ಕಾಟದಿಂದಾಗಿ ಕೆಲವು ಹಟ್‌ಗಳಲ್ಲಿ ಚೀಲವನ್ನು ಮಲಗುವ ಕೋಣೆಗೆ ಬಿಡುವುದಿಲ್ಲ. ಹಾಸಿಗೆ ಚೀಲವನ್ನು ಇಸಿದುಕೊಂಡು ಮೈಕ್ರೊವೇವ್‌ನಲ್ಲಿ ಬಿಸಿ ಮಾಡಿ ಕೊಡುವವರೂ ಇದ್ದಾರೆ. ಗಾಬರಿಯಾಗಬೇಡಿ, ಅದರಲ್ಲಿ ಲೋಹದ ಜಿಪ್ ಇದ್ದರೆ ಮೊದಲೇ ಹೇಳಿ.

ನಲ್ಲಿಯಲ್ಲಿ ‘ಕೈನ್ ಟ್ರಿಂಕ್‌ವಾಸರ್’ ಎಂದಿದ್ದರೆ ಆ ನೀರು ಕುಡಿಯುವಂತಿಲ್ಲ, ಹಲ್ಲುಜ್ಜಲೂ ಬೇಡ. ಶೌಚಾಲಯಕ್ಕೆ ಕಾಗದ ಬಿಟ್ಟು ಬೇರೇನೂ ಹಾಕಬೇಡಿ. ನೀರಿಲ್ಲದ ಒಣ ಶೌಚಾಲಯವೂ ಇರಬಹುದು. ತಂಬಿಗೆಯ ಅಭ್ಯಾಸದವರು ಮಡಚುವ ಬಾಟಲಿ ಒಯ್ಯಲಿ, ಆದರೆ ಒಣ ಶೌಚಾಲಯದೊಳಗೆ ನೀರು ಸುರಿಯಬಾರದು.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಪೂರ್ತಿ ನಿಶ್ಶಬ್ದ. ಸಂಜೆ 9ಕ್ಕೇ ಲೆಕ್ಕ ಚುಕ್ತಾ ಮಾಡಿ, ಬಾಟಲಿ ತುಂಬಿ, ನಾಳೆಯ ಬಟ್ಟೆ ಮೇಲಿಟ್ಟು ಚೀಲ ಕಟ್ಟಿಡಿ. ಬೆಳಿಗ್ಗೆ 5ಕ್ಕೆ ಕತ್ತಲಲ್ಲಿ ಪ್ಲಾಸ್ಟಿಕ್ ಚೀಲ ಪರಪರ ಎನಿಸುವವರ ಮೇಲೆ ಇಡೀ ಕೋಣೆಗೆ ಕೋಪ. ಟಾರ್ಚ್ ಕೆಂಪು ಬೆಳಕಿನಲ್ಲಿರಲಿ, ಅಲಾರಂ ಕಂಪನದಲ್ಲಿ. 2,500 ಮೀಟರಿಗಿಂತ ಮೇಲಿನ ಹಟ್‌ನಲ್ಲಿ ತಲೆನೋವು, ವಾಂತಿ ಬಂದರೆ ಅದು ಎತ್ತರದ್ದಿರಬಹುದು. ಬಿಯರ್ ಬಿಡಿ, ನೀರು ಕುಡಿಯಿರಿ, ಬೆಳಿಗ್ಗೆಯೂ ಕಡಿಮೆಯಾಗದಿದ್ದರೆ ಮೇಲಕ್ಕೆ ಹೋಗದೆ ಕೆಳಗಿಳಿಯಿರಿ.

## ಹಂತ 8: ಬೆಳಿಗ್ಗೆ ಇಳಿಯುವುದು

ಕಂಬಳಿ ಮಡಿಸಿ ದಿಂಬಿನ ಮೇಲಿಡಿ. ಶಿಖರದ ಆಸೆಯಿದ್ದರೆ 7ಕ್ಕೆ ಹೊರಟು, ಹಟ್‌ಗೆ 11ರೊಳಗೆ ವಾಪಸಾಗುವಂತಿದ್ದರೆ ಮಾತ್ರ ಹೋಗಿ. ಬೇಡದ ಸಾಮಾನನ್ನು ಕೇಳಿ ಹಟ್‌ನಲ್ಲೇ ಬಿಡಬಹುದು.

ಬೀಳುವವರು ಹೆಚ್ಚು ಬೀಳುವುದು ಇಳಿಯುವಾಗ, ಸುಸ್ತಾದ ತೊಡೆಗಳಲ್ಲಿ. ಬೂಟಿನ ಲೇಸನ್ನು ಮೇಲಿನ ಕೊಕ್ಕೆಗಳಲ್ಲಿ ಬಿಗಿ ಮಾಡಿ, ಇಲ್ಲದಿದ್ದರೆ ಬೆರಳು ಮುಂದಕ್ಕೆ ಜಾರಿ ಉಗುರು ಕಪ್ಪಾಗುತ್ತದೆ. ಊರುಗೋಲನ್ನು ಹತ್ತುವಾಗಿನದಕ್ಕಿಂತ 5ರಿಂದ 10 ಸೆಂಟಿಮೀಟರ್ ಉದ್ದ ಮಾಡಿ. ಹೆಜ್ಜೆ ಚಿಕ್ಕದು, ಮಂಡಿ ಸ್ವಲ್ಪ ಬಗ್ಗಿರಲಿ. ಹಿಂದೆ ಹೇಳಿದ 8 ಕಿಲೊಮೀಟರ್, 900 ಮೀಟರಿನ ದಾರಿಗೆ ಇಳಿಯಲೂ ವಿರಾಮ ಬಿಟ್ಟು 3 ಗಂಟೆ ಬೇಕು. ಅರ್ಧ ಸಮಯದಲ್ಲಿ ಇಳಿಯುತ್ತೇವೆಂಬ ಲೆಕ್ಕ ಇಟ್ಟುಕೊಂಡವರಿಗೇ ಬಸ್ ತಪ್ಪುವುದು.

ನಿಲ್ದಾಣ ತಲುಪಿದ ಕೂಡಲೇ ಊರಲ್ಲಿ ವಿಷಯ ತಿಳಿಸಿದ್ದವರಿಗೆ ಇಳಿದೆವು ಎಂದು ಸಂದೇಶ ಕಳಿಸಿ. ಮನೆಯಲ್ಲಿ ಚೀಲ ಒಳಗೆ ಒಯ್ಯುವ ಮೊದಲು ಬಾಲ್ಕನಿಯಲ್ಲಿ ಪೂರ್ತಿ ಬಿಚ್ಚಿ ಕೊಡವಿ, ಹಾಸಿಗೆ ಚೀಲವನ್ನು ಅದರ ಲೇಬಲ್ ಒಪ್ಪುವಷ್ಟು ಬಿಸಿನೀರಿನಲ್ಲಿ ಒಗೆಯಿರಿ. ಹತ್ತಿಯದಾದರೆ 60 ಡಿಗ್ರಿ. ರೇಷ್ಮೆಯದಾದರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ ಮೂರು ನಾಲ್ಕು ದಿನ ಫ್ರೀಜರ್‌ನಲ್ಲಿಡಿ. ತಿಗಣೆ ಜೊತೆಗೆ ಬಂದಿದ್ದರೂ ಅಲ್ಲೇ ಸಾಯುತ್ತದೆ.